ಸಿ ಸ್ಟ್ರಿಂಗ್: 20 ಬೈಟಿಗೆ ಹಿಡಿಯದ ರಾಜರಾಜೇಶ್ವರಿ ನಗರ

ಸಿ ಭಾಷೆಯ ಸ್ಟ್ರಿಂಗ್ (ಅಕ್ಷರಗಳ ಸಾಲು) ಪಾಠಗಳೆಲ್ಲ ‘ಹಲೋ’ದಿಂದ ಶುರುವಾಗುತ್ತವೆ. ಇಂಗ್ಲಿಷಿನ ಐದಕ್ಷರ, ನಡುವೆ ಸ್ಪೇಸ್ ಇಲ್ಲ, ಎಂಥ ಅರೇಯಲ್ಲಾದರೂ (ಬೈಟುಗಳನ್ನು ಸಾಲಾಗಿ ಇಡುವ ಜಾಗ) ಹಿಡಿಯುತ್ತದೆ. ಏನೂ ಕೆಡುವುದಿಲ್ಲ, ಹಾಗಾಗಿ ಏನೂ ತಿಳಿಯುವುದೂ ಇಲ್ಲ. ಅದರ ಬದಲು ಬೆಂಗಳೂರಿನ ಬಡಾವಣೆಗಳ ಹೆಸರು ತಗೊಳ್ಳಿ. ಒಂದು ಗಿಡ್ಡ, ಒಂದು ಉದ್ದ, ಕೆಲವಕ್ಕೆ ನಡುವೆ ಸ್ಪೇಸ್, ಬಸ್ಸಿನ ಬೋರ್ಡಿನ ಹಾಗೆ ಎರಡು ಲಿಪಿ. ಸಿ ಸ್ಟ್ರಿಂಗಿನ ತೊಂದರೆಗಳೆಲ್ಲ ಈ ಹೆಸರುಗಳಲ್ಲಿ ಒಂದೊಂದಾಗಿ ಎದುರಿಗೆ ಬರುತ್ತವೆ.

ಚಾರ್ ಊರು[20] = "ರಾಜರಾಜೇಶ್ವರಿ ನಗರ";

ಕೋಡನ್ನು ಇಲ್ಲಿ ಬಾಯಲ್ಲಿ ಓದುವ ಹಾಗೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಎಡಿಟರ್‌ನಲ್ಲಿ ಕೀವರ್ಡು, ಫಂಕ್ಷನ್ ಹೆಸರುಗಳನ್ನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಸದ್ಯಕ್ಕೆ ಕೋಟ್ ಒಳಗಿನ ಊರಿನ ಹೆಸರೂ ಇಂಗ್ಲಿಷ್ ಅಕ್ಷರಗಳಲ್ಲೇ ಇದೆ ಅಂದುಕೊಳ್ಳಿ. ‘ಶ್ವ’ಕ್ಕೆ ಎಸ್, ಎಚ್, ಡಬ್ಲ್ಯೂ ಹಾಕಿ ಬರೆದರೆ ರಾಜರಾಜೇಶ್ವರಿ 14 ಅಕ್ಷರ, ಒಂದು ಸ್ಪೇಸ್, ನಗರ 5 ಅಕ್ಷರ. ಒಟ್ಟು ಸರಿಯಾಗಿ 20.

ಕಂಪೈಲರ್ ಈ ಸಾಲನ್ನು ಒಪ್ಪಿಕೊಳ್ಳುತ್ತದೆ. ಆದರೆ ಕೊನೆಯಲ್ಲಿ ಇರಬೇಕಾದ ಸೊನ್ನೆ ಬೈಟಿಗೆ, ಅಂದರೆ '\0'ಗೆ, ಜಾಗವೇ ಉಳಿದಿಲ್ಲ. ಅರೇ ತುಂಬಿಹೋದರೆ ಕೊನೆಯ ಸೊನ್ನೆಯನ್ನು ಬಿಟ್ಟುಬಿಡಬಹುದು ಎಂದು ಸಿ ನಿಯಮವೇ ಹೇಳುತ್ತದೆ. ಸಿ++ ಇದೇ ಸಾಲನ್ನು ಎರರ್ ಎಂದು ತಿರಸ್ಕರಿಸುತ್ತದೆ. ಪರದೆಗೆ ಬರೆಯುವ ಪ್ರಿಂಟ್‌ಎಫ್‌ಗೆ ಈ ಅರೇ ಕೊಟ್ಟರೆ ಅದು 20 ಅಕ್ಷರ ಮುಗಿದರೂ ನಿಲ್ಲದೆ, ಮೆಮೊರಿಯಲ್ಲಿ ಮುಂದೆ ಎಲ್ಲಿ ಸೊನ್ನೆ ಸಿಗುತ್ತದೋ ಅಲ್ಲಿಯವರೆಗೆ ಓದುತ್ತ ಹೋಗುತ್ತದೆ. ಎಷ್ಟೋ ಸಲ ಪಕ್ಕದ ಬೈಟ್ ಅದೃಷ್ಟಕ್ಕೆ ಸೊನ್ನೆಯೇ ಆಗಿರುತ್ತದೆ, ಔಟ್‌ಪುಟ್ ಸರಿಯಾಗೇ ಬರುತ್ತದೆ. ಆಮೇಲೆ ಆಪ್ಟಿಮೈಸೇಶನ್ ಆನ್ ಮಾಡಿದ ದಿನವೋ, ಪಕ್ಕದಲ್ಲಿ ಇನ್ನೊಂದು ವೇರಿಯಬಲ್ ಸೇರಿಸಿದ ದಿನವೋ ಹೆಸರಿನ ಹಿಂದೆ ಕಸ ಅಂಟಿಕೊಂಡು ಬರುತ್ತದೆ. ಜಿಸಿಸಿ ಕಂಪೈಲರ್ 15ನೇ ಆವೃತ್ತಿಯಿಂದ ಎಕ್ಸ್‌ಟ್ರಾ ವಾರ್ನಿಂಗ್‌ಗಳನ್ನು ಆನ್ ಮಾಡಿದ್ದರೆ ಈ ತಪ್ಪನ್ನು ಹೆಸರಿಟ್ಟು ತೋರಿಸುತ್ತದೆ. ಅದಕ್ಕಿಂತ ಸುಲಭದ ದಾರಿ ಬ್ರಾಕೆಟ್ ಒಳಗೆ ಸಂಖ್ಯೆಯನ್ನೇ ಬರೆಯದಿರುವುದು. ಖಾಲಿ ಬಿಟ್ಟರೆ ಕಂಪೈಲರ್ ತಾನೇ ಎಣಿಸಿ 21 ಬೈಟ್ ಇಡುತ್ತದೆ.

ಸಿ ಸ್ಟ್ರಿಂಗಿನ ವಿಷಯ ಇಷ್ಟೇ: ಅದು ಒಂದು ಟೈಪ್ ಅಲ್ಲ, ಒಂದು ಒಪ್ಪಂದ. ಇಲ್ಲಿಂದ ಶುರು, ಸೊನ್ನೆ ಸಿಕ್ಕಲ್ಲಿ ಮುಗಿಯಿತು. ಎಷ್ಟು ಜಾಗ ಇದೆ, ಅದರಲ್ಲಿ ಎಷ್ಟು ತುಂಬಿದೆ, ಆ ಜಾಗ ಯಾರದ್ದು ಎಂಬ ಮೂರು ಸಂಗತಿಯನ್ನು ಭಾಷೆ ನೆನಪಿಟ್ಟುಕೊಳ್ಳುವುದಿಲ್ಲ, ಬರೆಯುವವರೇ ಇಟ್ಟುಕೊಳ್ಳಬೇಕು. ಮುಂದೆ ಹೇಳುವ ತಪ್ಪುಗಳೆಲ್ಲ ಈ ಮೂರರಲ್ಲಿ ಒಂದು ಕೈತಪ್ಪಿದ್ದರಿಂದಲೇ ಆಗುವಂಥವು.

ಸಿಗಿಂತ ಮೊದಲಿನ ಬಿ ಭಾಷೆಯಲ್ಲೂ ಸ್ಟ್ರಿಂಗಿನ ಕೊನೆಗೆ ಒಂದು ಗುರುತು ಇರುತ್ತಿತ್ತು. ಉದ್ದವನ್ನು ಮೊದಲ ಬೈಟಿನಲ್ಲಿ ಬರೆದಿಡುವ ಪದ್ಧತಿಯಲ್ಲಿ ಸ್ಟ್ರಿಂಗ್ 255 ದಾಟುವಂತಿಲ್ಲ. ಆ ಮಿತಿ ಬೇಡವೆಂಬುದು ಬೆಲ್ ಲ್ಯಾಬ್ಸ್‌ನವರು ಕೊನೆಯ ಗುರುತಿನ ದಾರಿ ಹಿಡಿಯಲು ಒಂದು ಕಾರಣ. 1970ರ ದಶಕದ ಮೆಷಿನ್‌ಗಳಿಗೆ ಅದು ಒಳ್ಳೆಯ ನಿರ್ಧಾರವೇ. ಅದರ ಬೆಲೆಯನ್ನು ನಾವು ಉದ್ದ ಹೇಳುವ ಸ್ಟ್ರ್‌ಲೆನ್ ಕರೆದಾಗಲೆಲ್ಲ ಕೊಡುತ್ತೇವೆ. ಉದ್ದ ಎಲ್ಲೂ ಬರೆದಿಲ್ಲದ ಕಾರಣ ಅದು ಪ್ರತಿ ಸಲವೂ ಮೊದಲಿನಿಂದ ಸೊನ್ನೆಯವರೆಗೆ ನಡೆದು ಎಣಿಸಬೇಕು. ಲೂಪಿನ ಷರತ್ತಿನಲ್ಲಿ ಸ್ಟ್ರ್‌ಲೆನ್ ಇಟ್ಟು, ಲೂಪಿನ ಒಳಗೆ ಅದೇ ಸ್ಟ್ರಿಂಗನ್ನು ಬದಲಿಸುತ್ತಿದ್ದರೆ ಒಂದು ಲಕ್ಷ ಬೈಟಿನ ಸ್ಟ್ರಿಂಗಿಗೆ ಸಾವಿರ ಕೋಟಿ ಹೆಜ್ಜೆ ನಡೆಯಬೇಕಾಗುತ್ತದೆ. ಉದ್ದವನ್ನು ಲೂಪಿನ ಹೊರಗೆ ಒಮ್ಮೆ ತೆಗೆದಿಟ್ಟುಕೊಳ್ಳಿ.

ಸ್ಟ್ರ್‌ಲೆನ್ ಕೊಡುವುದು ಋಣ ಚಿಹ್ನೆ ಇಲ್ಲದ ಸಂಖ್ಯೆ ಎಂಬುದೂ ಗೊತ್ತಿರಲಿ. ಒಂದರ ಉದ್ದದಿಂದ ಇನ್ನೊಂದರ ಉದ್ದ ಕಳೆದು, ಉತ್ತರ ಸೊನ್ನೆಗಿಂತ ಚಿಕ್ಕದೇ ಎಂದು ನೋಡಿದರೆ ಆ ಷರತ್ತು ಎಂದೂ ನಿಜವಾಗುವುದಿಲ್ಲ. 7ರಿಂದ 9 ಕಳೆದರೆ ಮೈನಸ್ 2 ಬರುವ ಬದಲು ಭಾರೀ ದೊಡ್ಡ ಸಂಖ್ಯೆ ಬರುತ್ತದೆ. ಕಳೆಯಬೇಡಿ, ನೇರವಾಗಿ ಹೋಲಿಸಿ.

ಅರೇಯೋ, ಪಾಯಿಂಟರೋ

ಚಾರ್ ಅ[] = "ಕೆಂಗೇರಿ";
ಚಾರ್ *ಬ = "ಕೆಂಗೇರಿ";

ಮೊದಲನೆಯದರಲ್ಲಿ ಹೆಸರಿನ ನಕಲು ನಮ್ಮ ಅರೇಯ ಒಳಗೇ ಇದೆ, ಅಕ್ಷರ ತಿದ್ದಬಹುದು. ಎರಡನೆಯದರಲ್ಲಿ ನಮ್ಮ ಕೈಯಲ್ಲಿರುವುದು ಮೆಮೊರಿಯ ವಿಳಾಸ ಮಾತ್ರ, ಅದೇ ಪಾಯಿಂಟರ್. ಹೆಸರು ಪ್ರೋಗ್ರಾಂ ಫೈಲಿನ ಓದಲು ಮಾತ್ರ ಬಿಡುವ ಭಾಗದಲ್ಲಿ ಕೂತಿರುತ್ತದೆ. ಬ[0] ತಿದ್ದಲು ಹೋದರೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸೆಗ್ಮೆಂಟೇಶನ್ ಫಾಲ್ಟ್. ಟರ್ಬೊ ಸಿ ಕಾಲದ ಡಾಸ್‌ನಲ್ಲಿ ಹೀಗೆ ತಿದ್ದಿದರೂ ನಡೆದುಹೋಗುತ್ತಿತ್ತು. ಆ ಕಾಲದ ನೋಟ್ಸನ್ನು ಇಂದಿಗೂ ಝೆರಾಕ್ಸ್ ಮಾಡಿಸಿಕೊಂಡು ಓದುವವರಿಗೆ ಜಿಸಿಸಿಯಲ್ಲಿ ಅದೇ ಕೋಡ್ ಏಕೆ ಬೀಳುತ್ತದೆ ಎಂಬುದೇ ಅರ್ಥವಾಗದಿರುವುದು ಇದಕ್ಕಾಗಿ. ಎರಡನೆಯ ಬಗೆಯನ್ನು ಬರೆಯುವಾಗ ಮುಂದೆ ಕಾನ್ಸ್ಟ್ ಹಾಕುವ ಅಭ್ಯಾಸ ಇಟ್ಟುಕೊಳ್ಳಿ. ಆಗ ತಪ್ಪು ಪ್ರೋಗ್ರಾಂ ಓಡುವಾಗ ಅಲ್ಲ, ಕಂಪೈಲ್ ಮಾಡುವಾಗಲೇ ಸಿಗುತ್ತದೆ.

ಎರಡು ಸ್ಟ್ರಿಂಗ್ ಒಂದೇನಾ ಎಂದು ಎರಡು ಸಮ ಚಿಹ್ನೆ ಹಾಕಿ ನೋಡಿದರೆ ವಿಳಾಸಗಳ ಹೋಲಿಕೆಯಾಗುತ್ತದೆ. ಒಂದೇ ಹೆಸರಿನ ಎರಡು ಲಿಟರಲ್‌ಗಳನ್ನು (ಕೋಡಿನಲ್ಲೇ ಕೋಟ್ ಒಳಗೆ ಬರೆದ ಸ್ಟ್ರಿಂಗ್) ಕಂಪೈಲರ್ ಒಂದೇ ಕಡೆ ಇಟ್ಟಿದ್ದರೆ ಅದು ‘ನಿಜ’ ಎನ್ನುತ್ತದೆ. ಕೀಬೋರ್ಡಿನಿಂದ ಬಂದ ಅದೇ ಹೆಸರಿಗೆ ‘ಸುಳ್ಳು’ ಎನ್ನುತ್ತದೆ. ಟೆಸ್ಟಿನಲ್ಲಿ ಪಾಸಾಗಿ ಬಳಕೆಯಲ್ಲಿ ಕೆಡುವ ತಪ್ಪು ಇದು. ಸ್ಟ್ರ್‌ಕಂಪ್ ಬಳಸಿ, ಉತ್ತರ ಸೊನ್ನೆಯಾದರೆ ಸಮ.

ಫಂಕ್ಷನ್‌ಗೆ ಕಳಿಸಿದ ಅರೇ ಒಳಗೆ ಹೋಗುವುದು ಪಾಯಿಂಟರ್ ಆಗಿ. ಹೊರಗೆ ಅಳತೆ ಹೇಳುವ ಸೈಜ್‌ಆಫ್ 20 ಕೊಟ್ಟದ್ದು ಒಳಗೆ 64 ಬಿಟ್ ಮೆಷಿನ್‌ನಲ್ಲಿ 8 ಕೊಡುತ್ತದೆ. ಆದ್ದರಿಂದ ಸ್ಟ್ರಿಂಗ್ ತುಂಬಿಸುವ ಯಾವ ಫಂಕ್ಷನ್ ಬರೆದರೂ ಜಾಗದ ಅಳತೆಯನ್ನು ಇನ್ನೊಂದು ಆರ್ಗ್ಯುಮೆಂಟಾಗಿ ಕಳಿಸಲೇಬೇಕು.

ನಕಲು ಮಾಡುವುದು

ಸ್ಟ್ರ್‌ಕಾಪಿಗೆ ಗುರಿಯಲ್ಲಿ ಎಷ್ಟು ಜಾಗವಿದೆ ಗೊತ್ತಿಲ್ಲ, ಹೇಳುವ ದಾರಿಯೂ ಇಲ್ಲ. ಇನ್‌ಪುಟ್‌ನಿಂದ ಒಂದು ಸಾಲು ಓದುವ ಗೆಟ್ಸ್ ಕೂಡ ಇದೇ ಜಾತಿಯದು. 1988ರ ನವೆಂಬರಿನಲ್ಲಿ ಇಂಟರ್ನೆಟ್ಟಿನ ಸಾವಿರಾರು ಮೆಷಿನ್‌ಗಳನ್ನು ಮಲಗಿಸಿದ ಮಾರಿಸ್ ವರ್ಮ್ ಹೊಕ್ಕ ಬಾಗಿಲುಗಳಲ್ಲಿ ಒಂದು ಗೆಟ್ಸ್ ಬಳಸಿದ್ದ ಫಿಂಗರ್ ಸರ್ವರ್. 2011ರ ಸಿ ಮಾನದಂಡದಿಂದ ಗೆಟ್ಸನ್ನು ತೆಗೆದುಹಾಕಿದ್ದಾರೆ, ನೀವೂ ನಿಮ್ಮ ಕೋಡಿನಿಂದ ತೆಗೆಯಿರಿ.

ಸ್ಟ್ರ್‌ಕಾಪಿ ಅಪಾಯ ಎಂದು ಕೇಳಿದವರು ಸ್ಟ್ರ್‌ಎನ್‌ಕಾಪಿಗೆ ಹೋಗುತ್ತಾರೆ. ನನ್ನ ಮಟ್ಟಿಗೆ ಇದು ಸ್ಟ್ರ್‌ಕಾಪಿಗಿಂತ ಹೆಚ್ಚು ದಾರಿ ತಪ್ಪಿಸುವ ಫಂಕ್ಷನ್, ಏಕೆಂದರೆ ಹೆಸರು ನೋಡಿದರೆ ಸುರಕ್ಷಿತ ಅನ್ನಿಸುತ್ತದೆ. 20 ಬೈಟಿನ ಗುರಿಗೆ ನಮ್ಮ 20 ಅಕ್ಷರದ ರಾಜರಾಜೇಶ್ವರಿ ನಗರವನ್ನು ಸ್ಟ್ರ್‌ಎನ್‌ಕಾಪಿ ಮಾಡಿದರೆ 20 ಅಕ್ಷರವೂ ಹೋಗುತ್ತದೆ, ಸೊನ್ನೆ ಹೋಗುವುದಿಲ್ಲ. ಹೆಸರು ಗಿಡ್ಡವಾದರೆ ಇನ್ನೊಂದು ಬಗೆ: 7 ಅಕ್ಷರದ ಕೆಂಗೇರಿಯನ್ನು 4096 ಬೈಟಿನ ಬಫರಿಗೆ ಹಾಕಿದರೆ ಉಳಿದ 4089 ಬೈಟಿಗೂ ಸೊನ್ನೆ ತುಂಬುತ್ತ ಕೂರುತ್ತದೆ. ಹಳೆಯ ಯುನಿಕ್ಸ್‌ನ ಡೈರೆಕ್ಟರಿಯಲ್ಲಿ ಫೈಲ್ ಹೆಸರಿಗೆ 14 ಬೈಟಿನ ಕಟ್ಟುನಿಟ್ಟಾದ ಜಾಗವಿತ್ತು. ಹೆಸರು ಗಿಡ್ಡವಾದರೆ ಸೊನ್ನೆ ತುಂಬು, ಭರ್ತಿಯಾದರೆ ಸೊನ್ನೆ ಬೇಡ ಎಂಬುದು ಅಂಥ ಜಾಗಕ್ಕೆ ಹೊಂದುವ ನಡೆ. ಸಾಮಾನ್ಯ ಸ್ಟ್ರಿಂಗಿಗೆ ಅಲ್ಲ.

ಕೆಲಸಕ್ಕೆ ಬರುವುದು ಎಸ್‌ಎನ್‌ಪ್ರಿಂಟ್‌ಎಫ್. ಗುರಿ, ಗುರಿಯ ಅಳತೆ, "%" ಮುಂದೆ ಎಸ್ ಇರುವ ಫಾರ್ಮ್ಯಾಟ್, ಆಮೇಲೆ ಮೂಲ. ಅಳತೆ ಮೀರಿ ಬರೆಯುವುದಿಲ್ಲ, ಅಳತೆ ಸೊನ್ನೆಯಲ್ಲದಿದ್ದರೆ ಕೊನೆಗೆ ಸೊನ್ನೆ ಬೈಟ್ ಹಾಕಿಯೇ ಹಾಕುತ್ತದೆ. ಅದು ಹಿಂದಿರುಗಿಸುವ ಸಂಖ್ಯೆ ಇನ್ನೂ ಮುಖ್ಯ: ಜಾಗ ಸಾಕಷ್ಟು ಇದ್ದಿದ್ದರೆ ಎಷ್ಟು ಬರೆಯುತ್ತಿದ್ದೆ ಎಂದು ಹೇಳುತ್ತದೆ. 20 ಬೈಟಿನ ಗುರಿಗೆ 20 ಎಂದು ಬಂದರೆ ಕೊನೆಯ ಒಂದಕ್ಷರ ಕತ್ತರಿಸಿಹೋಗಿದೆ ಎಂದರ್ಥ. ಆ ಸಂಖ್ಯೆ ಗುರಿಯ ಅಳತೆಗೆ ಸಮ ಅಥವಾ ಹೆಚ್ಚಾದರೆ ಹೆಸರು ಮೊಟಕಾಗಿದೆ, ಋಣ ಸಂಖ್ಯೆಯಾದರೆ ಎರರ್. ಇದನ್ನು ನೋಡದೆ ಬಿಟ್ಟರೆ ಕ್ರ್ಯಾಶ್ ತಪ್ಪುತ್ತದೆ, ಆದರೆ ತಪ್ಪು ಹೆಸರು ಸದ್ದಿಲ್ಲದೆ ಡೇಟಾಬೇಸ್ ಸೇರುತ್ತದೆ. ಫಾರ್ಮ್ಯಾಟ್ ಜಾಗದಲ್ಲಿ ಮೂಲ ಸ್ಟ್ರಿಂಗನ್ನೇ ನೇರವಾಗಿ ಇಡಬೇಡಿ. ಅದರೊಳಗೆ ಪರ್ಸೆಂಟ್ ಚಿಹ್ನೆ ಇದ್ದರೆ ಇಲ್ಲದ ಆರ್ಗ್ಯುಮೆಂಟುಗಳನ್ನು ಹುಡುಕಲು ಹೋಗುತ್ತದೆ.

1998ರಲ್ಲಿ ಓಪನ್‌ಬಿಎಸ್‌ಡಿಯಲ್ಲಿ ಬಂದ ಸ್ಟ್ರ್‌ಎಲ್‌ಕಾಪಿಯೂ ಚೆನ್ನಾಗಿದೆ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಗೆ ಅದು ಸೇರಿದ್ದು 2023ರ 2.38ನೇ ಆವೃತ್ತಿಯಲ್ಲಿ. ಹಳೆಯ ಸರ್ವರ್‌ಗಳಲ್ಲಿ ಓಡಬೇಕಾದ ಕೋಡಿಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಒಂದು ಸ್ಟ್ರಿಂಗಿನ ಕೊನೆಗೆ ಇನ್ನೊಂದನ್ನು ಸೇರಿಸುವ ಸ್ಟ್ರ್‌ಎನ್‌ಕ್ಯಾಟ್ ಬಗ್ಗೆ ಒಂದೇ ಮಾತು: ಅದರ ಸಂಖ್ಯೆ ಗುರಿಯ ಒಟ್ಟು ಅಳತೆ ಅಲ್ಲ, ಇನ್ನು ಎಷ್ಟು ಅಕ್ಷರ ಸೇರಿಸಬಹುದು ಎಂಬುದು. ಅಷ್ಟು ಸೇರಿಸಿದ ಮೇಲೆ ಸೊನ್ನೆಯನ್ನು ಬೇರೆ ಹಾಕುತ್ತದೆ. ಒಟ್ಟು ಅಳತೆಯಿಂದ ಈಗಿನ ಉದ್ದ ಕಳೆದು, ಇನ್ನೂ ಒಂದು ಕಳೆದು ಕೊಡಬೇಕು.

ಹೆಸರು ಕನ್ನಡದಲ್ಲಿದ್ದರೆ

ಇಲ್ಲಿಯವರೆಗೆ ‘ಅಕ್ಷರ’ ಎಂದದ್ದೆಲ್ಲ ನಿಜವಾಗಿ ಬೈಟ್. ಇಂಗ್ಲಿಷಿನಲ್ಲಿ ಎರಡೂ ಒಂದೇ ಆದ್ದರಿಂದ ಆ ಮಾತು ನಡೆಯಿತು. ಕನ್ನಡಕ್ಕೆ ಬಂದರೆ ನಡೆಯುವುದಿಲ್ಲ. ಯುನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್ 8ರಲ್ಲಿ ಕನ್ನಡ ಬ್ಲಾಕಿನ ಪ್ರತಿ ಕೋಡ್‌ಪಾಯಿಂಟಿಗೂ (ಯುನಿಕೋಡ್ ಕೊಟ್ಟ ಒಂದು ಸಂಖ್ಯೆ) ಮೂರು ಬೈಟ್. ‘ಕ’ ಎಂದರೆ 224, 178, 149. ಮೊದಲ ಬೈಟ್ ಯಾವಾಗಲೂ 224, ಎರಡನೆಯದು 178 ಅಥವಾ 179. ಕಾಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ ಎಲ್ಲವೂ ಪ್ರತ್ಯೇಕ ಕೋಡ್‌ಪಾಯಿಂಟುಗಳು.

ಕೆಂಗೇರಿಯನ್ನು ಬಿಡಿಸಿ: ಕ, ಎತ್ವ, ಅನುಸ್ವಾರ, ಗ, ಏತ್ವ, ರ, ಗುಡಿಸು. ಏಳು ಕೋಡ್‌ಪಾಯಿಂಟ್, 21 ಬೈಟ್. ಕಣ್ಣಿಗೆ ಕಾಣುವ ಅಕ್ಷರ ಮೂರೇ. ಸ್ಟ್ರ್‌ಲೆನ್ 21 ಎನ್ನುತ್ತದೆ. ಇಂಗ್ಲಿಷಿನಲ್ಲಿ 7 ಬೈಟಿಗೆ ಮುಗಿದಿದ್ದ ಹೆಸರಿಗೆ ಇಲ್ಲಿ ಸೊನ್ನೆ ಸೇರಿ 22 ಬೇಕು. ರಾಜರಾಜೇಶ್ವರಿ ನಗರಕ್ಕೆ 15 ಕೋಡ್‌ಪಾಯಿಂಟಿಗೆ 45, ಸ್ಪೇಸಿಗೆ 1, ಸೊನ್ನೆಗೆ 1, ಒಟ್ಟು 47. ಇಂಗ್ಲಿಷ್ ಹೆಸರಿಗೆಂದು ಅಳೆದ ಸ್ಟ್ರಕ್ಚರಿನ ಫೀಲ್ಡಿಗೆ ಕನ್ನಡ ಹೆಸರು ತುಂಬಲು ಹೊರಟರೆ ಮೂರು ಪಟ್ಟು ಜಾಗ ಇಟ್ಟೇ ಹೊರಡಿ.

ಈಗ ಆ ಹೆಸರನ್ನು 20 ಬೈಟಿನ ಬಫರಿಗೆ ಎಸ್‌ಎನ್‌ಪ್ರಿಂಟ್‌ಎಫ್ ಮಾಡಿದರೆ ಏನಾಗುತ್ತದೆ ನೋಡಿ. 19 ಬೈಟ್ ಹೋಗುತ್ತದೆ. ಮೊದಲ 18 ಬೈಟಿನಲ್ಲಿ ಆರು ಕೋಡ್‌ಪಾಯಿಂಟ್: ‘ರಾಜರಾಜ’. ಹತ್ತೊಂಬತ್ತನೆಯದು ಏತ್ವದ ಮೂರು ಬೈಟಿನಲ್ಲಿ ಮೊದಲನೆಯ 224 ಮಾತ್ರ. ಪರದೆಯ ಮೇಲೆ ರಾಜರಾಜ, ಅದರ ಹಿಂದೆ ಕಪ್ಪು ವಜ್ರದೊಳಗಿನ ಪ್ರಶ್ನೆ ಗುರುತು. ಬಫರ್ ಮೀರಿಲ್ಲ, ಸೊನ್ನೆಯೂ ಇದೆ, ಸಿ ಲೆಕ್ಕದಲ್ಲಿ ಎಲ್ಲ ಸರಿ. ಆದರೆ ಈ ಸ್ಟ್ರಿಂಗನ್ನು ಜೇಸನ್‌ಗೋ ಡೇಟಾಬೇಸಿಗೋ ಕೊಟ್ಟರೆ ಕೆಟ್ಟ ಯುಟಿಎಫ್ 8 ಎಂದು ವಾಪಸ್ ಬರಬಹುದು.

ಇದಕ್ಕೆ ಮದ್ದು ಚಿಕ್ಕದು. ಕೋಡ್‌ಪಾಯಿಂಟಿನ ನಡುವೆ ಬರುವ ಬೈಟುಗಳೆಲ್ಲ 128ರಿಂದ 191ರ ಒಳಗೆ ಇರುತ್ತವೆ. ಕತ್ತರಿಸಬೇಕಾದ ಸ್ಥಾನದಲ್ಲಿ (ಕೆಳಗಿನ ಸಾಲಿನ ‘ನ’) ಮೂಲ ಸ್ಟ್ರಿಂಗಿನ ಬೈಟ್ ಆ ವ್ಯಾಪ್ತಿಯಲ್ಲಿದ್ದರೆ ಒಂದು ಹೆಜ್ಜೆ ಹಿಂದೆ ಬನ್ನಿ, ಅದರಾಚೆಯ ಬೈಟ್ ಸಿಗುವವರೆಗೆ.

ವೈಲ್ (ನ > 0 && (ಮೂಲ[ನ] & 192) == 128) ನ--;

ನಮ್ಮ ಉದಾಹರಣೆಯಲ್ಲಿ ಮೂಲ[19] 179, ಹಿಂದೆ ಬಂದರೆ ಮೂಲ[18] 224, ಅಲ್ಲಿ ನಿಲ್ಲುತ್ತದೆ. ಅಲ್ಲಿ ಸೊನ್ನೆ ಹಾಕಿದರೆ ಸರಿಯಾದ ‘ರಾಜರಾಜ’ ಉಳಿಯುತ್ತದೆ. ಬಫರ್ 28 ಬೈಟ್ ಆಗಿದ್ದರೆ ಕೋಡ್‌ಪಾಯಿಂಟ್ ಗಡಿಯಲ್ಲೇ ಕತ್ತರಿಸಿದರೂ ‘ರಾಜರಾಜೇಶ್’ ಎಂದು ವಿರಾಮ ಚಿಹ್ನೆಯಲ್ಲಿ ನಿಲ್ಲುತ್ತದೆ. ಕೊನೆಯ ಮೂರು ಬೈಟ್ 224, 179, 141 ಆಗಿದ್ದರೆ ಅದನ್ನೂ ಅದರ ಹಿಂದಿನ ವ್ಯಂಜನವನ್ನೂ ತೆಗೆದುಬಿಟ್ಟರೆ ‘ರಾಜರಾಜೇ’ ಉಳಿದು ಓದಲು ವಾಸಿ.

ಪ್ರಿಂಟ್‌ಎಫ್‌ನಲ್ಲಿ ಕಾಲಂ ಅಗಲ 20 ಎಂದು ಕೊಟ್ಟರೂ ಅದು ಎಣಿಸುವುದು ಬೈಟನ್ನೇ. ಜಯನಗರ 15 ಬೈಟ್, ಐದು ಸ್ಪೇಸ್ ಸೇರುತ್ತದೆ. ಕೆಂಗೇರಿ 21, ಒಂದೂ ಸೇರುವುದಿಲ್ಲ. ಪಟ್ಟಿ ಸೊಟ್ಟಂಪಟ್ಟ ಬಂದರೆ ಫಾಂಟನ್ನು ಬೈಯಬೇಡಿ, ಕಾರಣ ಇದು.

ಚಾರ್ ಟೈಪಿಗೆ ಚಿಹ್ನೆ ಇದೆಯೋ ಇಲ್ಲವೋ ಎಂಬುದು ಮೆಷಿನ್ ಮೇಲೆ ಹೋಗುತ್ತದೆ. ಇಂಟೆಲ್ ಲಿನಕ್ಸ್‌ನಲ್ಲಿ 224 ಎಂಬ ಬೈಟನ್ನು ಚಾರ್ ಆಗಿ ಓದಿದರೆ ಮೈನಸ್ 32. ಅದನ್ನು ಹಾಗೇ ಈಸ್‌ಆಲ್ಫಾ, ಟುಅಪ್ಪರ್‌ನಂಥ ಫಂಕ್ಷನ್‌ಗಳಿಗೆ ಕೊಡುವುದು ತಪ್ಪು, ಅನ್‌ಸೈನ್ಡ್ ಚಾರ್‌ಗೆ ಕಾಸ್ಟ್ ಮಾಡಿ ಕೊಡಿ. ಆರ್ಮ್ ಲಿನಕ್ಸ್‌ನಲ್ಲಿ ಚಾರ್‌ಗೆ ಚಿಹ್ನೆಯೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಒಂದು ಥರ, ಬೋರ್ಡಿನ ಮೇಲೆ ಇನ್ನೊಂದು ಥರ ಕೋಡ್ ಓಡುವುದಕ್ಕೆ ಇದೂ ಒಂದು ಕಾರಣ. ಎಂಬೆಡೆಡ್ ಕೆಲಸ ಮಾಡುವವರು ಇಷ್ಟೊಂದು ಇರುವ ನಮ್ಮ ಊರಿನಲ್ಲಿ ಇದನ್ನು ಮರೆಯುವಂತಿಲ್ಲ.

ಇನ್ನು ಕಣ್ಣಿಗೆ ಕಾಣದ ವ್ಯತ್ಯಾಸ. ‘ವೈಟ್‌ಫೀಲ್ಡ್’ ಎಂದು ಬರೆಯುವಾಗ ‘ಟ್’ ಆದ ಮೇಲೆ ‘ಫ’ ಒತ್ತಕ್ಷರವಾಗಿ ಕೆಳಗೆ ಹೋಗದಿರಲಿ ಎಂದು ಶೂನ್ಯ ಅಗಲದ ಅಂತರವೊಂದನ್ನು ಹಾಕುತ್ತೇವೆ. ಅದಕ್ಕೂ ಮೂರು ಬೈಟ್. ಅದು ಇದ್ದರೆ ಹೆಸರು 33 ಬೈಟ್, ಇಲ್ಲದಿದ್ದರೆ 30. ಕೆಂಗೇರಿಯ ಏತ್ವವನ್ನು ಒಂದೇ ಕೋಡ್‌ಪಾಯಿಂಟಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘ ಚಿಹ್ನೆ ಎಂದು ಎರಡಾಗಿಯೂ ಇಡಬಹುದು. ಆಗ 24 ಬೈಟ್. ಪರದೆಯ ಮೇಲೆ ಎರಡೂ ಒಂದೇ, ಸ್ಟ್ರ್‌ಕಂಪ್‌ಗೆ ಬೇರೆ ಬೇರೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳಲ್ಲಿ ಫೈಲ್ ಹೆಸರು ಬಿಡಿಸಿದ ರೂಪದಲ್ಲೇ ಇರುತ್ತದೆ. ಎರಡು ಮೂಲದಿಂದ ಬಂದ ಕನ್ನಡ ಹೆಸರುಗಳನ್ನು ಹೋಲಿಸುವ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಯುನಿಕೋಡ್ ನಾರ್ಮಲೈಸೇಶನ್ ಮಾಡಲೇಬೇಕು. ಅದನ್ನು ಕೈಯಾರೆ ಬರೆಯಲು ಹೋಗದೆ ಐಸಿಯು ಲೈಬ್ರರಿ ಹಿಡಿಯಿರಿ.

ಇಂಟರ್‌ವ್ಯೂಗಳಲ್ಲಿ ಸ್ಟ್ರಿಂಗ್ ರಿವರ್ಸ್ ಮಾಡಿ ಎಂದು ಕೇಳುವುದು ಮಾಮೂಲು. ಎರಡು ತುದಿಯಿಂದ ಬೈಟ್ ಅದಲುಬದಲು ಮಾಡುವ ಆ ಉತ್ತರ ಕನ್ನಡಕ್ಕೆ ಹಾಕಿದರೆ ಪೂರ್ತಿ ಕೆಡುತ್ತದೆ. ಕೋಡ್‌ಪಾಯಿಂಟ್ ಮಟ್ಟದಲ್ಲಿ ತಿರುಗಿಸಿದರೂ ಕಾಗುಣಿತದ ಚಿಹ್ನೆ ವ್ಯಂಜನಕ್ಕಿಂತ ಮುಂಚೆ ಬಂದು ಕೂರುತ್ತದೆ.

ಹೆಸರುಗಳ ಪಟ್ಟಿ

ಸ್ಟ್ರಿಂಗ್ ಅರೇ ಎಂದರೆ ಸಿಯಲ್ಲಿ ಎರಡು ಬೇರೆಯೇ ವಸ್ತು.

ಚಾರ್ ಊರುಗಳು[5][24];
ಕಾನ್ಸ್ಟ್ ಚಾರ್ *ಊರುಗಳು[5];

ಮೊದಲನೆಯದು 24 ಬೈಟಿನ ಐದು ಸಾಲು ಒಂದಕ್ಕೊಂದು ಅಂಟಿಕೊಂಡ 120 ಬೈಟಿನ ಒಂದೇ ತುಂಡು. ಎರಡನೆಯದು ಐದು ವಿಳಾಸಗಳು, 40 ಬೈಟ್, ಹೆಸರುಗಳು ಬೇರೆಲ್ಲೋ ಇರುತ್ತವೆ. ಇಂಗ್ಲಿಷಿನಲ್ಲಿ ಕೆಂಗೇರಿ 7, ಜಯನಗರ 9, ಯಲಹಂಕ 9, ಬಸವನಗುಡಿ 12, ರಾಜರಾಜೇಶ್ವರಿ ನಗರ 20, ಐದು ಸೊನ್ನೆ ಸೇರಿ 62. ವಿಳಾಸದ 40 ಕೂಡಿದರೆ 102. ಐದೇ ಹೆಸರಿಗೆ ಉಳಿತಾಯ ಬರೀ 18 ಬೈಟ್, ಹಾಗಾಗಿ ಜಾಗ ಉಳಿಸಲೆಂದು ಪಾಯಿಂಟರ್ ಅರೇ ಆರಿಸಿದೆ ಎನ್ನುವುದು ಇಲ್ಲಿ ಹುರುಳಿಲ್ಲದ ಮಾತು. ಆಯ್ಕೆ ಮಾಡಬೇಕಾದದ್ದು ಬೇರೆ ಕಾರಣಕ್ಕೆ: ಹೆಸರು ತಿದ್ದಬೇಕು, ಉದ್ದಕ್ಕೆ ಗಟ್ಟಿ ಮಿತಿ ಇದೆ ಎಂದರೆ ಮೊದಲನೆಯದು. ಹೆಸರು ಬದಲಾಗದು, ಅಥವಾ ಸಾಲುಗಳನ್ನು ಹಿಂದೆ ಮುಂದೆ ಮಾಡುವ ಕೆಲಸ ಜಾಸ್ತಿ ಎಂದರೆ ಎರಡನೆಯದು, ಏಕೆಂದರೆ ಅದಲುಬದಲಾಗುವುದು 8 ಬೈಟಿನ ವಿಳಾಸ ಮಾತ್ರ.

ಎರಡನ್ನೂ ಬರೆಯುವಾಗ ಊರುಗಳು[2] ಎಂದೇ ಬರೆಯುವುದರಿಂದ ಎರಡೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ಪಾಯಿಂಟರಿಗೆ ಪಾಯಿಂಟರ್ ಬೇಡುವ ಫಂಕ್ಷನ್‌ಗೆ 24 ಬೈಟಿನ ಸಾಲುಗಳ ಅರೇ ಕಳಿಸಿದರೆ, ಫಂಕ್ಷನ್ ಕೆಂಗೇರಿಯ ಮೊದಲ 8 ಬೈಟನ್ನೇ ವಿಳಾಸ ಎಂದು ಓದಿ ಎಲ್ಲೋ ಹೋಗಿ ಬೀಳುತ್ತದೆ. ಹಿಂದೆ ಜಿಸಿಸಿ ಇದಕ್ಕೆ ವಾರ್ನಿಂಗ್ ಮಾತ್ರ ಕೊಡುತ್ತಿತ್ತು, 14ನೇ ಆವೃತ್ತಿಯಿಂದ ಎರರ್ ಮಾಡಿದೆ. ಪಾಸ್ ಆಗಲಿ ಎಂದು ಕಾಸ್ಟ್ ಹಾಕಿ ಬಾಯಿ ಮುಚ್ಚಿಸಬೇಡಿ. ಫಂಕ್ಷನ್ನಿನ ಆರ್ಗ್ಯುಮೆಂಟನ್ನು ಚಾರ್ ಪಟ್ಟಿ[][24] ಎಂದು ಬರೆಯಿರಿ.

ಪಟ್ಟಿ ಬರೆಯುವಾಗ ಒಂದು ಅಲ್ಪವಿರಾಮ ಬಿಟ್ಟುಹೋದರೆ ಪಕ್ಕಪಕ್ಕದ ಎರಡು ಲಿಟರಲ್‌ಗಳನ್ನು ಕಂಪೈಲರ್ ಒಂದೇ ಮಾಡಿಬಿಡುತ್ತದೆ: "ಕೆಂಗೇರಿಜಯನಗರ". ಇದು ಸಿಯ ನಿಯಮವೇ, ಎರರ್ ಬರುವುದಿಲ್ಲ. ಬ್ರಾಕೆಟ್ಟಿನಲ್ಲಿ 5 ಎಂದಿದ್ದರೆ ಐದನೆಯ ಜಾಗ ನಲ್ (ಏನನ್ನೂ ತೋರಿಸದ ವಿಳಾಸ) ಆಗಿ ಉಳಿದು ಸ್ಟ್ರ್‌ಕಂಪ್ ಅಲ್ಲಿ ಬೀಳುತ್ತದೆ. ಖಾಲಿ ಬ್ರಾಕೆಟ್ ಆಗಿದ್ದರೆ ಪಟ್ಟಿ ನಾಲ್ಕಕ್ಕೆ ಇಳಿದು ಯಾರಿಗೂ ತಿಳಿಯುವುದಿಲ್ಲ. ಬ್ರಾಕೆಟ್ ಖಾಲಿ ಬಿಟ್ಟು, ಅದರ ಕೆಳಗೆ ಸ್ಟ್ಯಾಟಿಕ್ ಅಸರ್ಟ್ ಹಾಕಿ, ಒಟ್ಟು ಸೈಜ್‌ಆಫನ್ನು ಮೊದಲ ಅಂಶದ ಸೈಜ್‌ಆಫಿನಿಂದ ಭಾಗಿಸಿದ್ದು ಐದೇ ಎಂದು ಕಂಪೈಲರಿನಿಂದ ಪರೀಕ್ಷೆ ಮಾಡಿಸಿ. 2011ರ ಮಾನದಂಡದಿಂದ ಇದು ಭಾಷೆಯಲ್ಲೇ ಇದೆ. ಪ್ರತಿ ಹೆಸರನ್ನೂ ಒಂದೊಂದು ಸಾಲಿನಲ್ಲಿ ಬರೆದು ಕೊನೆಯದಕ್ಕೂ ಅಲ್ಪವಿರಾಮ ಹಾಕುವುದು ಇನ್ನೊಂದು ಒಳ್ಳೆಯ ರೂಢಿ.

ಪಾಯಿಂಟರ್ ಅರೇಯನ್ನು ಕ್ರಮಕ್ಕೆ ಜೋಡಿಸುವ ಕ್ಯೂಸಾರ್ಟ್‌ಗೆ ಕೊಡುವಾಗ ಹೆಚ್ಚಿನವರು ಎಡವುತ್ತಾರೆ. ಕ್ಯೂಸಾರ್ಟ್ ಹೋಲಿಸುವ ಫಂಕ್ಷನ್‌ಗೆ ಕೊಡುವುದು ಅಂಶದ ವಿಳಾಸ. ಇಲ್ಲಿ ಅಂಶವೇ ಒಂದು ವಿಳಾಸ, ಆದ್ದರಿಂದ ಸಿಗುವುದು ವಿಳಾಸದ ವಿಳಾಸ. ಅಲ್ಲಿಗೆ ಸ್ಟ್ರ್‌ಕಂಪನ್ನೇ ನೇರ ಕೊಟ್ಟರೆ ಅದು ಹೆಸರಿನ ಬದಲು ವಿಳಾಸದ ಬೈಟುಗಳನ್ನು ಹೋಲಿಸುತ್ತದೆ. ಪಟ್ಟಿ ಯಾವುದೋ ಕ್ರಮದಲ್ಲಿ ಬರುತ್ತದೆ, ಕ್ರ್ಯಾಶ್ ಆಗುವುದೂ ಖಾತ್ರಿಯಿಲ್ಲ. ನಡುವೆ ಒಂದು ಫಂಕ್ಷನ್ ಬೇಕು:

ಇಂಟ್ ಹೋಲಿಸು(ಕಾನ್ಸ್ಟ್ ವಾಯ್ಡ್ *ಅ, ಕಾನ್ಸ್ಟ್ ವಾಯ್ಡ್ *ಬ)
{
    ಕಾನ್ಸ್ಟ್ ಚಾರ್ *ಎಡ = *(ಕಾನ್ಸ್ಟ್ ಚಾರ್ *ಕಾನ್ಸ್ಟ್ *)ಅ;
    ಕಾನ್ಸ್ಟ್ ಚಾರ್ *ಬಲ = *(ಕಾನ್ಸ್ಟ್ ಚಾರ್ *ಕಾನ್ಸ್ಟ್ *)ಬ;
    ರಿಟರ್ನ್ ಸ್ಟ್ರ್‌ಕಂಪ್(ಎಡ, ಬಲ);
}

24 ಬೈಟಿನ ಸಾಲುಗಳ ಅರೇಯಾದರೆ ಆ ಮುಂದಿನ ನಕ್ಷತ್ರ ಬೇಡ, ಸಾಲಿನ ವಿಳಾಸವೇ ಸ್ಟ್ರಿಂಗಿನ ವಿಳಾಸ. ಒಂದಕ್ಕೆ ಬರೆದ ಹೋಲಿಕೆಯ ಫಂಕ್ಷನ್ನನ್ನು ಇನ್ನೊಂದಕ್ಕೆ ಬಳಸಿದರೆ ಕಂಪೈಲರ್ ಹಿಡಿಯಲಾರದು, ಎರಡೂ ಕಡೆ ಇರುವುದು ವಾಯ್ಡ್ ಪಾಯಿಂಟರ್.

ಫೈಲಿನಿಂದ ಓದುವುದು

ಬಿಬಿಎಂಪಿಯ 2015ರ ಚುನಾವಣೆಯ ಕಾಲದ 198 ವಾರ್ಡುಗಳ ಹೆಸರು ಸಾಲಿಗೊಂದರಂತೆ ಫೈಲಿನಲ್ಲಿದೆ, ಅದನ್ನು ಅರೇಗೆ ತರಬೇಕು ಎಂದಿಟ್ಟುಕೊಳ್ಳಿ. ಸ್ಕ್ಯಾನ್‌ಎಫ್ ಬೇಡ: ಪರ್ಸೆಂಟ್ ಎಸ್ ಸ್ಪೇಸ್ ಸಿಕ್ಕಲ್ಲಿ ನಿಲ್ಲುತ್ತದೆ, ರಾಜರಾಜೇಶ್ವರಿ ಒಂದು ಅಂಶ, ನಗರ ಇನ್ನೊಂದು ಅಂಶವಾಗುತ್ತದೆ. ಎಫ್‌ಗೆಟ್ಸ್‌ನಿಂದ 256 ಬೈಟಿನ ಬಫರಿಗೆ ಓದಿ. ಅದು ಸಾಲಿನ ಕೊನೆಯ ಗುರುತನ್ನು, ಅಂದರೆ ಬೈಟ್ 10 ಅನ್ನು, ಒಳಗೇ ಇಟ್ಟುಕೊಂಡು ಬರುತ್ತದೆ. ವಿಂಡೋಸ್‌ನಲ್ಲಿ ಸೇವ್ ಮಾಡಿ ಲಿನಕ್ಸ್‌ನಲ್ಲಿ ಓದಿದರೆ ಅದರ ಮುಂದೆ 13 ಕೂಡ ಇರುತ್ತದೆ. ಸ್ಟ್ರ್‌ಸಿಸ್ಪ್ಯಾನ್‌ಗೆ ಇವೆರಡನ್ನೂ ಕೊಟ್ಟು, ಅದು ಹೇಳಿದ ಜಾಗದಲ್ಲಿ ಸೊನ್ನೆ ಹಾಕಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಗುರುತು ಇಲ್ಲದಿದ್ದರೂ ಈ ವಿಧಾನ ಕೆಡುವುದಿಲ್ಲ. ಆದರೆ ಸೊನ್ನೆ ಹಾಕುವ ಮುಂಚೆ 10 ಇದೆಯೋ ಎಂದು ನೋಡಿ. ಇಲ್ಲದೆ, ಫೈಲೂ ಮುಗಿದಿಲ್ಲವಾದರೆ ಸಾಲು ಬಫರಿಗಿಂತ ಉದ್ದವಿದೆ, ಉಳಿದ ಭಾಗ ಮುಂದಿನ ಸಲ ಹೊಸ ಹೆಸರಿನಂತೆ ಬರುತ್ತದೆ.

ಮೊದಲ ಹೆಸರು ಮಾತ್ರ ಹುಡುಕಿದರೆ ಸಿಗುತ್ತಿಲ್ಲ, ಉಳಿದವೆಲ್ಲ ಸಿಗುತ್ತಿವೆ ಎಂದಾದರೆ ಫೈಲಿನ ಮೊದಲ ಮೂರು ಬೈಟ್ 239, 187, 191 ಇದೆಯೇ ನೋಡಿ. ಹಳೆಯ ನೋಟ್‌ಪ್ಯಾಡ್ ಯುಟಿಎಫ್ 8 ಎಂದು ಸೇವ್ ಮಾಡುವಾಗ ಸೇರಿಸುತ್ತಿದ್ದ ಗುರುತು ಅದು. ಇದ್ದರೆ ಮೂರು ಬೈಟ್ ದಾಟಿ ಓದಿ.

ಈಗ ಬಹಳ ಜನಕ್ಕೆ ಕಾಡುವ ತಪ್ಪು. ಲೂಪಿನಲ್ಲಿ ಪಟ್ಟಿ[ಎಷ್ಟು++] = ಬಫರ್; ಎಂದು ಬರೆದರೆ ಅರೇಯ 198 ಅಂಶವೂ ಅದೇ ಒಂದು ಬಫರನ್ನು ತೋರಿಸುತ್ತದೆ. ಓದಿ ಮುಗಿದ ಮೇಲೆ ಪ್ರಿಂಟ್ ಮಾಡಿದರೆ 198 ಸಲ ಕೊನೆಯ ವಾರ್ಡಿನ ಹೆಸರೇ ಬರುತ್ತದೆ. ಪ್ರತಿ ಹೆಸರಿಗೂ ಸ್ವಂತ ಜಾಗ ಬೇಕು: ಸ್ಟ್ರ್‌ಲೆನ್ ಕೊಟ್ಟದ್ದಕ್ಕೆ ಒಂದು ಸೇರಿಸಿ ಮ್ಯಾಲಾಕ್‌ನಿಂದ ಅಷ್ಟು ಜಾಗ ಪಡೆದು ನಕಲಿಸಬೇಕು, ಅಥವಾ ಅದನ್ನೇ ಮಾಡುವ ಸ್ಟ್ರ್‌ಡಪ್ ಕರೆಯಬೇಕು. ಸ್ಟ್ರ್‌ಡಪ್ ಯುನಿಕ್ಸ್ ಬಗೆಯ ಸಿಸ್ಟಂಗಳ ಮಾನದಂಡವಾದ ಪಾಸಿಕ್ಸ್‌ನಲ್ಲಿ ಬಹುಕಾಲದಿಂದ ಇತ್ತು, ಸಿ23ರಲ್ಲಿ ಸಿ ಮಾನದಂಡಕ್ಕೂ ಸೇರಿತು. ಮ್ಯಾಲಾಕ್‌ನಲ್ಲಿ ಆ ಒಂದನ್ನು ಮರೆತರೆ ಸೊನ್ನೆ ಬೈಟ್ ಬೇರೆಯವರ ಜಾಗಕ್ಕೆ ಬೀಳುತ್ತದೆ. ಮ್ಯಾಲಾಕ್ ಕೊಡುವ ತುಂಡು ಒಳಗೊಳಗೇ ಸ್ವಲ್ಪ ದೊಡ್ಡದಿರುವುದರಿಂದ ಕೆಲವು ಉದ್ದದ ಹೆಸರುಗಳಿಗೆ ಮಾತ್ರ ಕೆಡುತ್ತದೆ, ಹುಡುಕುವುದು ಬಲು ಕಷ್ಟ.

ಎಷ್ಟು ಹೆಸರಿದೆ ಮೊದಲೇ ಗೊತ್ತಿಲ್ಲದಿದ್ದರೆ 16 ವಿಳಾಸದ ಜಾಗದಿಂದ ಶುರುಮಾಡಿ, ತುಂಬಿದಾಗಲೆಲ್ಲ ಎರಡು ಪಟ್ಟು ಮಾಡಿ. 16ರಿಂದ 32, 64, 128, 256: 198 ಹೆಸರಿಗೆ ಜಾಗ ಹಿಗ್ಗಿಸುವ ರಿಯಾಲಾಕ್ ನಾಲ್ಕು ಸಲ ಸಾಕು. ಒಂದೊಂದೇ ಹೆಚ್ಚಿಸುತ್ತ ಹೋದರೆ ಪ್ರತಿ ಹೆಸರಿಗೂ ಒಂದು ರಿಯಾಲಾಕ್. ರಿಯಾಲಾಕ್ ಕೊಟ್ಟದ್ದನ್ನು ನೇರವಾಗಿ ಪಟ್ಟಿಗೇ ಹಾಕಬೇಡಿ.

ಚಾರ್ **ಹೊಸ = ರಿಯಾಲಾಕ್(ಪಟ್ಟಿ, ಜಾಗ * 2 * ಸೈಜ್‌ಆಫ್ *ಪಟ್ಟಿ);

ಹೊಸ ನಲ್ ಆದರೆ ಹಳೆಯ ಪಟ್ಟಿ ಇನ್ನೂ ಕೈಯಲ್ಲಿರುತ್ತದೆ, ಫ್ರೀ ಮಾಡಿ ಹೊರಬರಬಹುದು. ನಲ್ ಅಲ್ಲದಿದ್ದರೆ ಮಾತ್ರ ಪಟ್ಟಿಗೆ ಹಾಕಿ ಜಾಗವನ್ನು ದ್ವಿಗುಣ ಮಾಡಿ. ಕೊನೆಯಲ್ಲಿ ಮೊದಲು ಪ್ರತಿ ಹೆಸರನ್ನು ಫ್ರೀ ಮಾಡಿ, ಆಮೇಲೆ ಪಟ್ಟಿಯನ್ನು. ಉಲ್ಟಾ ಮಾಡಿದರೆ ಹೆಸರುಗಳ ವಿಳಾಸವೇ ಕೈತಪ್ಪುತ್ತದೆ. ಅರ್ಧ ಹೆಸರು ಸ್ಟ್ರ್‌ಡಪ್ ಮಾಡಿದ್ದು, ಇನ್ನರ್ಧ ಲಿಟರಲ್ ಎಂಬ ಮಿಶ್ರಣ ಒಂದೇ ಪಟ್ಟಿಯಲ್ಲಿ ಇರಲೇಬಾರದು. ಲಿಟರಲ್ಲನ್ನು ಫ್ರೀ ಮಾಡಿದರೆ ಪ್ರೋಗ್ರಾಂ ಅಲ್ಲೇ ಬೀಳುತ್ತದೆ.

ಸಾಲಿನಲ್ಲಿ ಅಲ್ಪವಿರಾಮದಿಂದ ಬೇರ್ಪಟ್ಟ ಹಲವು ಕಾಲಂ ಇದ್ದರೆ ಸ್ಟ್ರಿಂಗನ್ನು ತುಂಡು ಮಾಡುವ ಸ್ಟ್ರ್‌ಟೋಕ್ ನೆನಪಾಗುತ್ತದೆ. ಅದು ಮೂಲ ಸ್ಟ್ರಿಂಗಿನಲ್ಲೇ ಅಲ್ಪವಿರಾಮದ ಜಾಗಕ್ಕೆ ಸೊನ್ನೆ ಹಾಕುತ್ತದೆ, ಕೊಡುವ ವಿಳಾಸಗಳೂ ಅದೇ ಬಫರಿನ ಒಳಗಿನವು. ಪಕ್ಕಪಕ್ಕದ ಎರಡು ಅಲ್ಪವಿರಾಮವನ್ನು ಒಂದೇ ಎಂದು ನುಂಗಿಬಿಡುವುದರಿಂದ ಖಾಲಿ ಕಾಲಂ ಮಾಯವಾಗಿ, ಪಿನ್‌ಕೋಡ್ ವಾರ್ಡಿನ ಜಾಗಕ್ಕೆ ಬಂದು ಕೂರುತ್ತದೆ. ಖಾಲಿ ಕಾಲಂ ಬರುವ ಡೇಟಾಕ್ಕೆ ಸ್ಟ್ರ್‌ಸೆಪ್ ಸರಿ, ಅದು ಲಿನಕ್ಸ್ ಮತ್ತು ಬಿಎಸ್‌ಡಿಗಳಲ್ಲಿದೆ.

ಕಂಪೈಲ್ ಮಾಡುವಾಗ ಆಲ್ ಮತ್ತು ಎಕ್ಸ್‌ಟ್ರಾ ವಾರ್ನಿಂಗ್, ಡಿಬಗ್ ಮಾಹಿತಿಗೆ ಹೈಫನ್ ಜಿ, ಜೊತೆಗೆ ಮೆಮೊರಿಯ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿಕೊಂಡೇ ಓಡಿಸಿ. ಆಗ ಸೊನ್ನೆಯಿಲ್ಲದ ಊರು[20]ಗೆ ಸ್ಟ್ರ್‌ಲೆನ್ ಕರೆದರೆ ಕಸ ಪ್ರಿಂಟಾಗುವ ಬದಲು ಸ್ಟ್ಯಾಕ್ ಬಫರ್ ಓವರ್‌ಫ್ಲೋ ಎಂಬ ವರದಿ ಬರುತ್ತದೆ. ಅದರಲ್ಲಿ ಮೂರು ಕಡೆ ಮಾತ್ರ ನೋಡಿದರೆ ಸಾಕು: ಓದಿದ್ದೋ ಬರೆದದ್ದೋ ಎಂಬ ಸಾಲು, ಅದರ ಕೆಳಗೆ ನಿಮ್ಮ ಫೈಲಿನ ಹೆಸರಿರುವ ಮೊದಲ ಲೈನ್ ನಂಬರ್, ಕೊನೆಯಲ್ಲಿ ಯಾವ ವೇರಿಯಬಲ್ಲಿನ ಗಡಿ ದಾಟಿತು ಎಂಬ ವಿವರ. ಇದೇ ಬಗೆಯ ಇನ್ನೊಂದು ಸಾಧನವಾದ ವಾಲ್‌ಗ್ರೈಂಡ್ ಸ್ಟ್ಯಾಕಿನ ಅರೇ ಮೀರಿದ್ದನ್ನು ಸರಿಯಾಗಿ ಹಿಡಿಯದು. ಆದರೆ ಮ್ಯಾಲಾಕ್ ಮಾಡಿ ಏನೂ ತುಂಬದೆ ಓದಿದ ಬೈಟನ್ನು ಅದು ಹಿಡಿಯುತ್ತದೆ, ಅಡ್ರೆಸ್ ಸ್ಯಾನಿಟೈಸರ್ ಹಿಡಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಓಡಿಸಲಾಗದು, ವಾಲ್‌ಗ್ರೈಂಡ್‌ಗೆ ಸ್ಯಾನಿಟೈಸರ್ ಇಲ್ಲದೆ ಇನ್ನೊಮ್ಮೆ ಕಂಪೈಲ್ ಮಾಡಿಕೊಳ್ಳಿ.